ಛಾಟಣಿಯೋ ಚಟ್ನಿಯೋ

ಮೂವತ್ತು ವರ್ಷ ಮಗ್ಗದ ಮುಂದೆ ನಿಂತು, ಹರಿದ ಎಳೆಗೆಲ್ಲ ಗಂಟು ಹಾಕುತ್ತ ಬಂದ ಮನುಷ್ಯನಿಗೆ ‘ಕತ್ತರಿಸು’ ಎಂದರೆ ಹೇಗಾಗಬೇಡ? ಇಚಲಕರಂಜಿಯ ಪಕ್ಕದ ಕಬನೂರಿನ ಯಲಗೂರಪ್ಪನಿಗೆ ಆ ಡಿಸೆಂಬರಿನಲ್ಲಿ ಕುಳಿತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಾರಣ, ಅಂಗಳದ ದ್ರಾಕ್ಷಿಬಳ್ಳಿ.

ಬಳ್ಳಿಯೇನೋ ಚಪ್ಪರ ಮುರಿಯುವಷ್ಟು ಫಲ ಬಿಡುತ್ತಿತ್ತು. ಹಣ್ಣು ಮಾತ್ರ ಮೆಣಸಿನ ಕಾಳಿಗಿಂತ ಒಂದು ಕೂದಲು ದಪ್ಪ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಗಳು ಕಾಜಲಳ ಮದುವೆಯ ಪಂಕ್ತಿಯಲ್ಲಿ, ಗಡಹಿಂಗ್ಲಜದ ಬೀಗ ಸಿದ್ದರಾಯರ ಎದುರು, “ನಮ್ಮ ದ್ರಾಕ್ಷಿ ಒಂದ ಬಾಯಾಗ ಇಟ್ಟರ ಎರಡನೇದಕ್ಕ ಜಾಗಾ ಇರೂದಿಲ್ರಿ” ಎಂದು ಕೊಚ್ಚಿಕೊಂಡಿದ್ದ. ಈಗ ಬೀಗರು, “ಶಿವರಾತ್ರಿ ಆದಮ್ಯಾಲ ತಿನ್ನಾಕ ಬರ್ತೀವ್ರಿ” ಎಂದು ಫೋನು ಮಾಡಿಬಿಟ್ಟಿದ್ದರು.

ದ್ರಾಕ್ಷಿ ತೋಟವಿದ್ದ ನೆರೆಮನೆಯ ಪದ್ಮಕುಮಾರ ಬಳ್ಳಿ ನೋಡಿ ನಕ್ಕ. “ಒಂದ ತಾಯಿಗೆ ಮುನ್ನೂರ ಮಕ್ಕಳಾದರ ಯಾವ ಮಗಾ ದಪ್ಪಾದೀತೋ ಯಲಗೂರಪ್ಪ? ಛಾಟಣಿ ಮಾಡು. ಕುಡಿ ಕತ್ತರಸು, ಅರ್ಧಾ ಗೊಂಚಲ ತಗಿ. ಉಳದದ್ದು ಉಬ್ಬತೈತಿ.” (ಛಾಟಣಿ ಎಂದರೆ ಬಳ್ಳಿ ಸವರುವುದು, ಮರಾಠಿಯಿಂದ ಬಂದ ಮಾತು.)

ಯಲಗೂರಪ್ಪ ಕತ್ತರಿ ಹಿಡಿದು ಮೂರು ದಿನ ಚಪ್ಪರಕ್ಕೆ ಪ್ರದಕ್ಷಿಣೆ ಹಾಕಿದ. ನಾಲ್ಕನೆಯ ದಿನ ಒಂದು ಕುಡಿ ಕತ್ತರಿಸಿದ. ತುದಿಯಲ್ಲಿ ನೀರು ಜಿನುಗಿತು. ಜೀವ ತಡೆಯದೆ ನೂಲು ತಂದು ಗಂಟು ಹಾಕಿ ಜೋಡಿಸಿಬಿಟ್ಟ!

ತನ್ನ ಕೈಯಿಂದ ಆಗದೆಂದು ತಿಳಿದು, ಮರುದಿನ ಮಗ್ಗದ ಶೆಡ್ಡಿನಿಂದಲೇ ಹೆಂಡತಿ ಸಾವಕ್ಕನಿಗೆ ಫೋನಿನಲ್ಲಿ ಕೂಗಿದ: “ಏ, ದ್ರಾಕ್ಷೀದು ಛಾಟಣಿ ಮಾಡು! ಅರ್ಧಾ ಗೊಂಚಲ ತಗಿ! ನಾ ಬರೂದರಾಗ ಮುಗದಿರಲಿ!” (ಇಪ್ಪತ್ತನಾಲ್ಕು ಮಗ್ಗಗಳ ಖಟಖಟದ ನಡುವೆ ಒಂದು ಮಹಾಪ್ರಾಣ ಸುರಕ್ಷಿತವಾಗಿ ಮನೆ ಮುಟ್ಟುವುದಾದರೂ ಹೇಗೆ?)

ಸಂಜೆ ಬಂದು ನೋಡಿದರೆ ಬಳ್ಳಿ ಅರ್ಧ ಬೋಳಾಗಿತ್ತು. ಸಾವಕ್ಕ ಒರಳಿನ ಮುಂದೆ ಕುಳಿತಿದ್ದಳು.

“ಏನಿದು?”

“ನೀವ ಹೇಳಿದ್ರೆಲ್ಲ, ಚಟ್ನಿ! ಕೈ ನಿಲುಕಲಿಲ್ಲ, ಕುಡಗೋಲಲೆ ಕುಡಿ ಸಮೇತ ಕೊಯ್ದೆ.”

“ನಾ ಛಾಟಣಿ ಅಂದೆ!”

“ನಾನೂ ಅದನ್ನ ಮಾಡೇನಿ. ಉಪ್ಪ ಸಾಕೇನು ನೋಡ್ರಿ.”

ಚಟ್ನಿಗಾಗಿ ಕೊಯ್ದರೂ ಛಾಟಣಿ ಛಾಟಣಿಯೇ. ಉಳಿದ ಗೊಂಚಲುಗಳು ವಾರವಾರಕ್ಕೂ ಉಬ್ಬತೊಡಗಿದವು. ಯಲಗೂರಪ್ಪ ಊಟದ ಬಿಡುವಿನಲ್ಲಿ ಸೈಕಲ್ಲೇರಿ ಬಂದು, ಹಣ್ಣಿಗೆ ನೂಲು ಸುತ್ತಿ ಅಳೆದು ಹೋಗುತ್ತಿದ್ದ. ಗಿಳಿ ಬಂದರೆ ಓಡಿಸುವನು, ಬಾರದಿದ್ದರೆ, “ಹಣ್ಣ ಸಿಹಿ ಆಗಿಲ್ಲೇನ ಮತ್ತ?” ಎಂದು ಕಳವಳಪಡುವನು. ಬೀಗರು ಬರುವ ದಿನ ಬೆಳಗ್ಗೆಯೇ, ಯಾವ ಹಕ್ಕಿಯನ್ನೂ ನಂಬದೆ, ಕಟ್ಟಕಡೆಯ ಗೊಂಚಲನ್ನೂ ಕೊಯ್ದು ತಟ್ಟೆಗೆ ಜೋಡಿಸಿದ.

ಸಿದ್ದರಾಯರು ಒಂದು ಹಣ್ಣು ಬಾಯಿಗಿಟ್ಟರು. ಕೆನ್ನೆ ಉಬ್ಬಿತು.

“ಭಾರಿ ಅದಾವ್ರಿ! ಯಾವ ಅಂಗಡ್ಯಾಗಿನವು?”

“ನಮ್ಮ ಬಳ್ಳೀವ್ರಿ!”

“ಚ್ಯಾಷ್ಟಿ ಬಿಡ್ರಿ ಬೀಗರ. ಅಪ್ಪನ ಬಳ್ಳಿ ಹಣ್ಣ ಹಲ್ಲಿನ ಸಂದ್ಯಾಗ ಕಳದ ಹೋಗತಾವಂತ ಕಾಜಲನ ಹೇಳ್ಯಾಳ.”

ಯಲಗೂರಪ್ಪ ಬೀಗರ ರಟ್ಟೆ ಹಿಡಿದು ಚಪ್ಪರದ ಕೆಳಗೆ ಎಳೆದೊಯ್ದ. ಅಲ್ಲಿ ಎಲೆ ಬಿಟ್ಟು ಏನಿತ್ತು? ಸಿದ್ದರಾಯರು ಅವನ ಬೆನ್ನು ತಟ್ಟಿದರು. “ಇರಲಿ ಬಿಡ್ರಿ. ನಮ್ಮ ಸಲುವಾಗಿ ಕೊಂಡ ತಂದೀರಿ, ಅದ ದೊಡ್ಡದು. ಹೋಗೂ ಮುಂದ ಅಂಥಾವ ಎರಡ ಕಿಲೋ ಕಟ್ಟಸ್ರಿ, ಮನ್ಯಾಗ ಎಲ್ಲಾರಿಗೂ ಆಗತೈತಿ.”

ಅಷ್ಟರಲ್ಲಿ ಬೀಗರ ಜೊತೆ ಬಂದವರು ತಟ್ಟೆ ಬರಿದು ಮಾಡಿದ್ದರು. “ಲಗೂನ ಹೋಗ್ರಿ,” ಎಂದು ಸಾವಕ್ಕ ಗಂಡನ ಕೈಗೆ ಚೀಲ ಕೊಟ್ಟಳು. “ಬೀಗರ ಮಾತ ತಗದ ಹಾಕಬಾರದು.”

ಯಲಗೂರಪ್ಪ ಇಚಲಕರಂಜಿಯ ಪೇಟೆಯನ್ನೆಲ್ಲ ಅಲೆದ. ಯಾವ ಗಾಡಿಯ ಹಣ್ಣೂ ಅವನ ಕಣ್ಣಿಗೆ ಹಿಡಿಸಲಿಲ್ಲ. ಕೊನೆಗೆ ಹಣ್ಣು ಮಾರುವ ನಾಮದೇವನೇ ಬೇಸತ್ತು ಕೇಳಿದ: “ಎಷ್ಟ ದೊಡ್ಡವು ಬೇಕ್ರಿ ಕಾಕಾ?”

ಯಲಗೂರಪ್ಪ ಬೆರಳು ಮಡಿಸಿ ಗಾತ್ರ ತೋರಿಸಿದ.

“ಅಷ್ಟ ದೊಡ್ಡವು ಎಲ್ಲಿ ನೋಡೀರಿ?”

“ನಮ್ಮ ಅಂಗಳದಾಗ.”

“ಮತ್ತ ಅಲ್ಲೇ ಹರಕೊಳ್ಳೂದ ಬಿಟ್ಟು,” ಎಂದ ನಾಮದೇವ, “ಇಲ್ಲ್ಯಾಕ ಬಿಸಲಾಗ ತಿರಗಾಕತ್ತೀರಿ?”