ಲೋಟನ ಹೆಂಡತಿಯ ಬಳಿ ಎಲ್ಕಾನಾ ಮೇಷ್ಟ್ರು

ಎಲ್ಕಾನಾ ಮೇಷ್ಟ್ರ ಕೆಲಸ ಆರು ವರ್ಷವಾದರೂ ಖಾಯಂ ಆಗದಿರುವುದಕ್ಕೆ ಅವರ ನಾಲಗೆಯೇ ಕಾರಣ ಎಂದು ನೆಸ್ ಝಿಯೋನಾದ ಆ ಶಾಲೆಯಲ್ಲಿ ಕಸ ಗುಡಿಸುವವಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ. ಬೈಬಲ್ ಹಿಡಿದು ನಿಂತರೆ ಅವರಿಗೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಹೋದ ವರ್ಷದ ಮರುಭೂಮಿ ಪ್ರವಾಸದಲ್ಲಿ ಒಂದೊಂದು ಕಲ್ಲಿನ ಮುಂದೆಯೂ ಮುಕ್ಕಾಲು ಗಂಟೆ ಓದಿದ್ದರು. ಮೂವರು ಹುಡುಗಿಯರು ತಲೆ ತಿರುಗಿ ಬಿದ್ದರು. ಹನ್ನೊಂದು ಮನೆಗಳಿಂದ ದೂರು ಬಂತು.

ಈ ಸಲ ಬಸ್ಸು ಹೊರಡುವ ಮೊದಲು ಮುಖ್ಯೋಪಾಧ್ಯಾಯಿನಿ ಯೊಖೆವೆದ್ ಕಿಟಕಿಯ ಹತ್ತಿರ ಬಂದು ನಿಂತರು.

"ನೋಡಿ ಎಲ್ಕಾನಾ, ನಿಮ್ಮ ಖಾಯಂ ಕಾಗದ ನನ್ನ ಮೇಜಿನ ಮೇಲಿದೆ. ಒಂದೇ ಒಂದು ದೂರು ಬಂತೋ, ಹರಿದು ಹಾಕ್ತೀನಿ. ಬರಲಿಲ್ವೋ, ಸಂಜೆ ಸಹಿ."

ಬಸ್ಸಿನಲ್ಲಿ ಎಂಟನೇ ತರಗತಿಯ ಮೂವತ್ತೆಂಟು ಮಕ್ಕಳು. ತಲೆಗೊಂದು ಟೋಪಿ, ಬೆನ್ನಿಗೆ ಮೂರು ಲೀಟರ್ ನೀರು, ಅದು ನಿಯಮ. ಬಂದೂಕು ಹಿಡಿದ ಕಾವಲಿನವನೊಬ್ಬ ಜೊತೆಗಿರಬೇಕೆಂಬುದೂ ನಿಯಮವೇ, ಅದಕ್ಕೆ ಝಲ್ಮಾನ್ ತಾತ. ಬಂದೂಕು ಹಳೆಯದೋ ತಾತ ಹಳಬರೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಡ್ರೈವರ್ ಔದೆ ರಾಹತ್ ಊರಿನವನು, ಇಪ್ಪತ್ತು ವರ್ಷದಿಂದ ಶಾಲಾ ಪ್ರವಾಸಗಳನ್ನೇ ಹೊತ್ತವನು. ಪ್ರತಿ ಮಗುವಿಗೂ ಒಂದು ಸಂಖ್ಯೆ. ಬಸ್ಸು ಹತ್ತಿದಾಗಲೆಲ್ಲ ಒಂದರಿಂದ ಮೂವತ್ತೆಂಟರವರೆಗೆ ಕೂಗಿಬಿಟ್ಟರೆ ಎಣಿಕೆ ಮುಗಿಯಿತು, ಗಾಡಿ ಹೊರಡಬಹುದು.

ಇನ್ನು ಅಮ್ಮಂದಿರು ಬಸ್ಸಿನಲ್ಲಿ ಇರಲಿಲ್ಲ, ಮೇಷ್ಟ್ರ ಫೋನಿನಲ್ಲಿದ್ದರು. ಮನೆಯ ತಂಪಿನಲ್ಲಿ ಕೂತು ಮರುಭೂಮಿ ಆಳುವುದೆಂದರೆ ಅವರಿಗೆ ಬಲು ಇಷ್ಟ. ಒಬ್ಬಳ ಮಗನಿಗೆ ನೆರಳಿನ ಸೀಟು ಬೇಕು, ಇನ್ನೊಬ್ಬಳ ಮಗಳು ಟೋಪಿ ಹಾಕಿದ ಫೋಟೊ ಈಗಲೇ ಬೇಕು, ಮತ್ತೊಬ್ಬಳಿಗೆ ಸೊದೋಮಿನ ಕತೆ ಈ ವಯಸ್ಸಿಗೆ ಸರಿಯೇ ಎಂಬ ಅನುಮಾನ. ಉತ್ತರ ಕೊಟ್ಟು ಕೊಟ್ಟು ಬೇಸತ್ತ ಮೇಷ್ಟ್ರು ಫೋನನ್ನು ಚೀಲಕ್ಕೆ ತುರುಕಿ, ಚೀಲವನ್ನು ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ, ಬಿಸಿಲು ತಾಕದಿರಲೆಂದು ಕೋಟು ಹೊದಿಸಿದರು.

ಸೊದೋಮ್ ಗುಡ್ಡದಲ್ಲಿ ಇಳಿದಾಗ ಎದುರಿಗೇ ಉಪ್ಪಿನ ಕಂಬ ನಿಂತಿತ್ತು, ಲೋಟನ ಹೆಂಡತಿ. ಊರು ಉರಿಯುವಾಗ ತಿರುಗಿ ನೋಡಬೇಡವೆಂದು ದೇವದೂತ ಹೇಳಿದರೂ ನೋಡಿ ಉಪ್ಪಾಗಿ ಹೋದವಳು. ಮೇಷ್ಟ್ರು ಗಡಿಯಾರ ನೋಡಿಕೊಂಡು ಹತ್ತೇ ನಿಮಿಷದಲ್ಲಿ ಓದಿ ಮುಗಿಸಿದರು. ಮುಗಿಸಿದ್ದು ಅವರಿಗೇ ನಂಬಲಾಗಲಿಲ್ಲ. ಉಳಿದ ಮಾತು ಹೊಟ್ಟೆಯಲ್ಲಿ ಹುಳಿದೋಸೆ ಹಿಟ್ಟಿನಂತೆ ಉಬ್ಬತೊಡಗಿತು. ಓದುವುದು ಬೇಡ, ಅನುಭವಿಸಲಿ ಎಂದುಕೊಂಡು ಹೇಳಿದರು:

"ಈಗ ಎಲ್ರೂ ಬಾಯಿ ಮುಚ್ಕೊಂಡು ಬಸ್ಸಿನವರೆಗೂ ನಡೀರಿ. ಹಿಂದಿನಿಂದ ಯಾರು ಕರೆದ್ರೂ, ಏನು ಕೇಳಿಸಿದ್ರೂ ತಿರುಗೋ ಹಾಗಿಲ್ಲ. ತಿರುಗಿದವರು ನಾಲ್ಕು ಪುಟ ಪ್ರಬಂಧ ಬರೀಬೇಕು."

ಮಕ್ಕಳು ಹೊರಟರು. ಮೂರು ಲೀಟರ್ ನೀರಿನ ನಿಯಮವನ್ನು ಮಕ್ಕಳಿಗಿಂತ ನಿಷ್ಠೆಯಿಂದ ಪಾಲಿಸಿದ್ದ ಮೇಷ್ಟ್ರು ಬಂಡೆಯೊಂದರ ಹಿಂದೆ ಹೋದರು. ಅಲ್ಲಿಂದ ಬರುವಷ್ಟರಲ್ಲಿ ಕೊನೆಯ ಹುಡುಗನ ಕಾಲು ಬಸ್ಸಿನೊಳಗಿತ್ತು. ನಿಲ್ಲಿಸಿ ಎಂದು ಕೂಗಿದರು. ಮಕ್ಕಳಿಗೆ ಚೆನ್ನಾಗಿಯೇ ಕೇಳಿಸಿತು. ಕುತ್ತಿಗೆ ಕಬ್ಬಿಣದ್ದಾಯಿತು. ನಾಲ್ಕು ಪುಟ ಬರೆಯುವಷ್ಟು ದಡ್ಡರು ಆ ತರಗತಿಯಲ್ಲಿ ಯಾರೂ ಇರಲಿಲ್ಲ. ಒಂದರಿಂದ ಮೂವತ್ತೆಂಟರವರೆಗೆ ಸಂಖ್ಯೆಗಳು ಬಂದವು, ಝಲ್ಮಾನ್ ತಾತ ತಲೆಯಾಡಿಸಿದರು, ಬಸ್ಸು ಹೋಯಿತು. ಮೇಷ್ಟ್ರಿಗೆ ಸಂಖ್ಯೆಯೇ ಇರಲಿಲ್ಲ.

ಕಂಬದ ಪಕ್ಕ ಇನ್ನೊಂದು ಕಂಬದಂತೆ ಎಷ್ಟು ಹೊತ್ತು ನಿಂತಿದ್ದರೋ. ಅರಾವಾ ಕಣಿವೆಯ ತೋಟಗಳಿಂದ ದೊಣ್ಣೆಮೆಣಸಿನಕಾಯಿ ತುಂಬಿಕೊಂಡು ಬಂದ ಲಾರಿಯೊಂದು ನಿಂತಿತು. ಓಡಿಸುತ್ತಿದ್ದ ಹೆಂಗಸು, ತುರ್ತಾಗಿ ಮಾತಾಡಬೇಕು ಎಂದಷ್ಟೇ ಕೇಳಿ, ಫೋನು ಕೈಗಿಟ್ಟಳು. ಮೇಷ್ಟ್ರಿಗೆ ಹೆಂಡತಿಯ ನಂಬರೂ ಬಾಯಲ್ಲಿ ಬರುತ್ತಿರಲಿಲ್ಲ. ರಸ್ತೆಯ ಬದಿಯ ಹಲಗೆಯ ಮೇಲೆ, ಶಾಲಾ ಪ್ರವಾಸಗಳ ವಿಷಯ ತಿಳಿಸಲು ಎಂದು ಶಿಕ್ಷಣ ಇಲಾಖೆಯ ಒಂದು ನಂಬರು ಬರೆದಿತ್ತು. ಅದಕ್ಕೆ ಮಾಡಿದರು.

ಒಬ್ಬರನ್ನು ಬಿಟ್ಟು ಹೋಗಿದ್ದಾರೆ, ಬಸ್ಸು ನಿಲ್ಲಿಸಿ ಎಂದರು. ಆ ಕಡೆಯ ಹುಡುಗಿ ಶಾಲೆಯ ಹೆಸರು ಕೇಳಿದಳು, ಹೇಳಿದರು. ನೀವು ಯಾರು ಎಂದಳು. ಮೇಷ್ಟ್ರಿಗೆ ನಾಚಿಕೆಯಾಗಿ, ದಾರಿಹೋಕ ಎಂದರು.

"ಆ ಪ್ರವಾಸದ ಹೊಣೆ ಯಾರದು ಸಾರ್?"

"ಅದ್ಯಾಕಮ್ಮ ಈಗ. ಬಸ್ಸು ನಿಲ್ಲಿಸಿ ಸಾಕು."

"ಆ ಜಾಗ ತುಂಬದಿದ್ರೆ ಮುಂದಿನ ಪುಟ ತೆರೆಯಲ್ಲ ಸಾರ್."

ಮೇಷ್ಟ್ರು ಒಮ್ಮೆ ಉಪ್ಪಿನ ಹೆಂಗಸನ್ನು ನೋಡಿದರು, ಒಮ್ಮೆ ಮೆಣಸಿನಕಾಯಿಯ ಹೆಂಗಸನ್ನು ನೋಡಿದರು. "ಎಲ್ಕಾನಾ ಬೆರ್ದುಗೊ," ಎಂದು ತಮ್ಮ ಹೆಸರನ್ನೇ ಹೇಳಿದರು.

ಮುಂದಿನ ಪುಟ ತೆರೆಯಿತು. ಮೂರು ಕೆಲಸದ ದಿನಗಳೊಳಗೆ ಬಸ್ಸಿನ ವಿಚಾರ ಸಂಬಂಧಪಟ್ಟವರಿಗೆ ಹೋಗುತ್ತದೆ ಎಂದು ಹುಡುಗಿ ವಂದಿಸಿದಳು.

ಬಸ್ಸಿನ ಮುಂದಿನ ನಿಲುಗಡೆ ಬೇರ್ಷೆಬ, ಲಾರಿಯವಳು ಅಲ್ಲಿಯವರೆಗೆ ಬಿಟ್ಟಳು. ದಾರಿಯುದ್ದಕ್ಕೂ ತನ್ನ ಮಗನ ಮೇಷ್ಟ್ರುಗಳ ಬೇಜವಾಬ್ದಾರಿಯನ್ನು ಎಳೆ ಎಳೆಯಾಗಿ ವರ್ಣಿಸಿದಳು. ಇವರು ತಾನು ಉಪ್ಪಿನ ವ್ಯಾಪಾರಿ ಎಂದರು.

ಹಳೆಯ ಊರಿನ ದಿಬ್ಬದ ಮೇಲೆ ಮಕ್ಕಳು ಬಾವಿಯ ಸುತ್ತ ಕೂತಿದ್ದರು. ಔದೆ ಪಾಠ ಹೇಳುತ್ತಿದ್ದ. "ಬಾವಿ ತೋಡಿದ್ದು ಅಬ್ರಹಾಮ. ಅಬೀಮೆಲೆಕ ರಾಜನ ಆಳುಗಳು ಕಿತ್ಕೊಂಡ್ರು. ಇವನು ಏಳು ಕುರಿಮರಿ ಕೊಟ್ಟು, ಬಾವಿ ನಂದೇ ಅಂತ ಆಣೆ ಮಾಡಿಸ್ಕೊಂಡ. ನೀರಿನ ಜಗಳ ಇನ್ನೂ ಮುಗಿದಿಲ್ಲ. ನಡೀರಿ, ಐಸ್‌ಕ್ಯಾಂಡಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಆರು ವರ್ಷದಲ್ಲಿ ಮೇಷ್ಟ್ರು ಕೇಳಿರದ ಸದ್ದು ಅದು. ಹಿಂದಿನ ಬಾಗಿಲಿನಿಂದ ಬಸ್ಸಿಗೆ ನುಸುಳಿ ಕೋಟಿನ ಕೆಳಗೆ ಸೇರಿಕೊಂಡರು. ತ್ಸೂರ್ ಎಂಬ ಹುಡುಗ ಬಗ್ಗಿ ನೋಡಿದ.

"ಎಚ್ಚರ ಆಯ್ತಾ ಮೇಷ್ಟ್ರೇ? ನಿಮ್ಮನ್ನ ಎಬ್ಬಿಸಬಾರದು ಅಂತ ಝಲ್ಮಾನ್ ತಾತ ಆಣೆ ಹಾಕಿದ್ರು. ಇದೇ ನಮ್ಮ ಬೆಸ್ಟ್ ಟ್ರಿಪ್ಪು."

ಕೋಟು ಹೊದ್ದ ಚೀಲವನ್ನೇ ಮೇಷ್ಟ್ರು ಎಂದುಕೊಂಡಿದ್ದಾರೆ, ಯಾರಿಗೂ ಗೊತ್ತೇ ಆಗಿಲ್ಲ! ಮೇಷ್ಟ್ರ ಎದೆ ಹಗುರಾಯಿತು. ಚೀಲದಿಂದ ಫೋನು ತೆಗೆದರೆ, ಮಕ್ಕಳಿಂದ ಸುದ್ದಿ ತಿಳಿದ ಅಮ್ಮಂದಿರೆಲ್ಲ ಹೊಗಳಿ ಬರೆದಿದ್ದರು. ಸೊದೋಮಿನ ಬಗ್ಗೆ ಅನುಮಾನ ಪಟ್ಟವಳು ಕೂಡ.

ಸಂಜೆ ಶಾಲೆಯ ಗೇಟಿನಲ್ಲಿ ಯೊಖೆವೆದ್ ಕಾಯುತ್ತಿದ್ದರು. ಕೈಯಲ್ಲಿ ಖಾಯಂ ಕಾಗದ, ಎರಡು ತುಂಡಾಗಿ.

"ಮೂವತ್ತೆಂಟು ಮನೆಯಿಂದ ಹೊಗಳಿಕೆ, ಎಲ್ಕಾನಾ. ಒಂದೂ ದೂರಿಲ್ಲ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಇಲಾಖೆಯ ಮೇಲಿನವರ ಫೋನು, ಹೊಣೆಗಾರರ ಹೆಸರು ಮಾತ್ರ ಆಗಿಂದಾಗಲೇ ಬರುತ್ತಂತೆ. ನೀವು ಯಾರನ್ನೋ ಉಪ್ಪಿನ ಗುಡ್ಡದಲ್ಲಿ ಬಿಟ್ಟು ಬಂದ್ರಿ ಅಂತ ಯಾರೋ ದಾರಿಹೋಕನ ದೂರು."

ಮೇಷ್ಟ್ರ ಬಾಯಿ ತೆರೆಯಿತು. ಬಿಟ್ಟು ಹೋದದ್ದು ನನ್ನನ್ನೇ ಎಂದರೆ, ದಿನವಿಡೀ ಮಕ್ಕಳ ಜೊತೆ ಇದ್ದವರು ಯಾರು ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ಆ ಬಾಯಿ ಏನೂ ಹೇಳದೆ ಮುಚ್ಚಿಕೊಂಡಿತು.

"ಮಕ್ಕಳೆಲ್ಲ ಇದ್ದಾರೆ, ಅದು ನಂಗೂ ಗೊತ್ತು," ಎಂದರು ಯೊಖೆವೆದ್. "ಆ ದಾರಿಹೋಕ ಬಂದು, ತಪ್ಪಾಯ್ತು ಅಂತ ಬರೆದುಕೊಟ್ರೆ ಹೊಸ ಕಾಗದ ಮಾಡಿಸ್ತಿದ್ದೆ. ಪಾಪಿ, ಹೆಸರೂ ಹೇಳಿಲ್ಲ. ಎಲ್ಲಾದ್ರೂ ಸಿಕ್ತಾನಾ ನೋಡಿ."

"ಅಂಥವರು ಸಿಗಲ್ಲ ಬಿಡಿ," ಎಂದು ಎಲ್ಕಾನಾ ಮೇಷ್ಟ್ರು ಕೋಟು ಕೊಡವಿಕೊಂಡು ಮನೆಯ ದಾರಿ ಹಿಡಿದರು.