ಕಡಲೆಹಿಟ್ಟಿನ ಮರ್ಯಾದೆ

ಬಿಲ್ಡಿಂಗಿನ ಪೂಜೆಯ ಪ್ರಸಾದ ತಿಂದು ಸುಮ್ಮನಿದ್ದಿದ್ದರೆ ಸುದರ್ಶನನಿಗೆ ಈ ಗತಿ ಬರುತ್ತಿರಲಿಲ್ಲ. ಬೊಂಬಾಯಿ ಮುಂಬಯಿ ಆದ ವರ್ಷ ಅದು. ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಲ್ಯಾಬೊಂದರಲ್ಲಿ ಬೇಳೆಹಿಟ್ಟುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಬೂಷ್ಟು ಬಿಟ್ಟುಹೋಗುವ ವಿಷ ಕಣ್ಣಿಗೂ ಮೂಗಿಗೂ ಸಿಗದು, ತನ್ನ ಲ್ಯಾಬಿನ ನೇರಳೆ ದೀಪದಡಿ ಮಾತ್ರ ನೀಲಿಯಾಗಿ ಹೊಳೆಯುತ್ತದೆ ಎಂದು ಡೊಂಬಿವಲಿಯ ತನ್ನ ಬಿಲ್ಡಿಂಗಿನವರ ಮುಂದೆ ಎದೆಯುಬ್ಬಿಸಿ ಹೇಳಿದ.

"ನಿಮ್ಮ ನಿಮ್ಮ ಮನೆಯ ಕಡಲೆಹಿಟ್ಟು ತನ್ನಿ. ನಾಳೆ ಸಂಜೆ ಎಲ್ಲರೆದುರು ರಿಸಲ್ಟ್ ಹೇಳ್ತೇನೆ!"

ಬೆಳಿಗ್ಗೆ ಬಾಗಿಲಲ್ಲಿ ಸಾಲು ನಿಂತಿತ್ತು. ಮುಂದೆ ಹೋಟೆಲಿನ ಲೋಕನಾಥ, ಹಿಂದೆ ಬಿಜಾಪುರದ ಚಂದ್ರಬಾಯಿ, ಅವಳ ಹಿಂದೆ ಉಳಿದ ಮನೆಯವರು. ಪ್ರತಿ ಪೊಟ್ಟಣದ ಮೇಲೂ ಹೆಸರು.

"ಫೇಲ್ ಮಾಡಬ್ಯಾಡ್ರಿ ಸಾಹೇಬ್ರ, ಮಾನ ಹೋಗ್ತದ" ಎಂದಳು ಚಂದ್ರಬಾಯಿ.

"ದೀಪಕ್ಕೆ ದಾಕ್ಷಿಣ್ಯ ಇಲ್ಲ ಬಾಯಿ."

"ನಮ್ಮದೂ ಸ್ವಲ್ಪ ಕಟ್ಟಿ ಕೊಡ್ಲಾ?" ಹೆಂಡತಿ ವೇದಾವತಿ ಕೇಳಿದಳು.

"ನಮ್ಮದೆಂತಕ್ಕೆ? ನಾನೇ ಮೂಸಿ ನೋಡಿ ತಂದದ್ದಲ್ವಾ!"

ಲೋಕಲ್ ರೈಲಿನ ನೂಕಾಟದಲ್ಲಿ ಒಂದು ಪೊಟ್ಟಣ ಒಡೆದು, ಪಕ್ಕದವನು ಬಜ್ಜಿಗೆ ಅದ್ದಿದ ಮೆಣಸಿನಕಾಯಿಯಂತಾದ. ಠಾಣೆಯವರೆಗೂ ಮರಾಠಿ ಬೈಗುಳ ತಿನ್ನುತ್ತ ಸುದರ್ಶನ ಉಳಿದದ್ದನ್ನು ಎದೆಗವಚಿಕೊಂಡ. ಲ್ಯಾಬಿನಲ್ಲಿ ಸಾಹೇಬರು, "ಇದೇನು ಕಿರಾಣಿ ಅಂಗಡಿಯಾ?" ಎಂದು ಗದರಿದರು. ಊಟ ಬಿಟ್ಟು ಪರೀಕ್ಷೆ ಮಾಡಿದ. ದೀಪ ಹಾಕಿದರೆ ಒಂದೊಂದೂ ನೀಲಿ! ಇಡೀ ಬಿಲ್ಡಿಂಗಿನ ಜೀವ ಉಳಿಸಿದೆನೆಂದು ಅವನಿಗೆ ಹೆಮ್ಮೆ ತಡೆಯದಾಯಿತು.

ಸಂಜೆ ಮೆಟ್ಟಿಲ ಬಳಿ ಎಲ್ಲರನ್ನೂ ಸೇರಿಸಿ ಘೋಷಿಸಿದ. "ಎಲ್ಲದರಲ್ಲೂ ವಿಷ! ಈಗಲೇ ಎಸೆಯಿರಿ!"

ಯಾರೂ ಗಾಬರಿಯಾಗಲಿಲ್ಲ. ಮುಖ ಮುಖ ನೋಡಿಕೊಂಡರು. ಕೊನೆಗೆ ಲೋಕನಾಥ ತಲೆ ಕೆರೆದುಕೊಂಡ.

"ಬೇಜಾರು ಮಾಡ್ಬೇಡಿ ಮಾರಾಯ್ರೆ. ನನ್ನ ಹಿಟ್ಟು ಫೇಲಾದ್ರೆ ಹೋಟೆಲಿನ ಹೆಸರು ಹೋಗ್ತದಲ್ಲ? ಅದಕ್ಕೆ ಪೂಜೆ ಮುಗಿದ ಮೇಲೆ ನಿಮ್ಮ ಮನೆಯಿಂದಲೇ ಒಂದು ಕಪ್ ಕಡ ತಂದು ಕಟ್ಟಿ ಕೊಟ್ಟದ್ದು."

"ನಾನೂ ನಿಮ್ಮ ಮನಿ ವೈನಿ ಕಡಿಂದನ ತಂದೀನ್ರಿ" ಎಂದಳು ಚಂದ್ರಬಾಯಿ. "ಟೆಸ್ಟ್ ಮಾಡವರ ಮನಿ ಹಿಟ್ಟು ಫೇಲ್ ಆಗಂಗಿಲ್ಲ ಅಂದ್ಕೊಂಡೆ."

ಉಳಿದವರೂ ತಲೆಯಾಡಿಸಿದರು.

"ಬಜ್ಜಿಗೆ ಅಂತ ಕೇಳಿದ್ರು. ಎಲ್ಲರಿಗೂ ನಮ್ಮ ಹಿಟ್ಟೇ ಬೇಕಲ್ಲ ಅಂತ ಹೆಮ್ಮೆಯಿಂದ ಕೊಟ್ಟೆ" ಎಂದಳು ವೇದಾವತಿ.

ಸುದರ್ಶನನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

"ಏನ ಅನ್ರಿ, ನಿಮ್ಮ ದೀಪ ಭಾಳ ಶಾಣ್ಯಾ ಐತಿ. ಯಾರ ಹೆಸರು ಬರದ್ರೂ ಮೋಸ ಹೋಗ್ಲಿಲ್ಲ ನೋಡ್ರಿ!" ಎಂದಳು ಚಂದ್ರಬಾಯಿ.

ಬಿಲ್ಡಿಂಗಿಗೆ ಬಿಲ್ಡಿಂಗೇ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ ಸುದರ್ಶನ ತನ್ನ ಮನೆಯ ಹಿಟ್ಟಿನ ಡಬ್ಬಿ ಹೊತ್ತು ಕಸದ ತೊಟ್ಟಿಯತ್ತ ನಡೆದ.