ಬಾವಿಗೆ ಬಿಟ್ಟ ಮುಗುಡು

ಮುಗುಡು ಎಂಬ ಮೀಸೆಯ ಮೀನು ನೀರಿನ ತಳದಲ್ಲೇ ಇದ್ದು, ಅಲ್ಲಿನ ಕೊಳೆಯನ್ನೆಲ್ಲ ತಿಂದು ಬದುಕುತ್ತದೆ. ನಮ್ಮ ಬಾವಿಯ ತಳದಲ್ಲಿ ಬೇಕಾದಷ್ಟು ಕೊಳೆ ಇತ್ತು. ಇವೆರಡನ್ನೂ ಒಂದುಗೂಡಿಸಬೇಕೆಂದು ಇಡೀ ಮೂಡುಬಿದಿರೆಯಲ್ಲಿ ಮೊದಲು ಯೋಚಿಸಿದವನು ನಾನು. ಇದರಲ್ಲಿ ತಪ್ಪೇನಿತ್ತು ಎಂದು ಇಂದಿಗೂ ಕೇಳುತ್ತೇನೆ!

ಊರಿಗೆ ಇನ್ನೂ ಪಂಪು ಬಾರದ ಕಾಲ. ಪ್ರತಿ ಬೇಸಗೆಯಲ್ಲಿ ತನಿಯ ಎಂಬವನು ಬಾವಿಗಿಳಿದು ಕೆಸರು ತೆಗೆಯುತ್ತಿದ್ದ. ಆ ವರ್ಷ ಮಗಳು ಸುಮತಿಯನ್ನು ನೋಡಲು ಗುರುವಾಯನಕೆರೆಯಿಂದ ಗಂಡಿನವರು ಬರುವವರಿದ್ದರು. ನಮ್ಮ ಹಾಗೆಯೇ ಜೈನರು, ಬಹಳ ಮಡಿವಂತರು. ಹುಡುಗ ಮೇಷ್ಟ್ರು, ಸುಮತಿಗೂ ಮನಸ್ಸಿತ್ತು. ತನಿಯನನ್ನು ಬೇಗ ಕರೆಸಿ ಎಂದಳು ನನ್ನ ಹೆಂಡತಿ ಪದ್ಮಾವತಿ. ನಾನು ನನ್ನ ಯೋಜನೆಯನ್ನು ಮಂಡಿಸಿದೆ.

"ಜೈನರ ಮನೆಗೆ ಮೀನಾ? ತಲೆ ಸಮ ಉಂಟಾ ನಿಮಗೆ?"

"ತಿನ್ನಲಿಕ್ಕೆ ಅಲ್ಲ ಮಾರಾಯ್ತಿ, ಕೆಲಸ ಮಾಡಿಸ್ಲಿಕ್ಕೆ!"

ಬಂಟ್ವಾಳಕ್ಕೆ ಹೋಗಿ, ಕೊಡಪಾನದ ನೀರಿನಲ್ಲಿ ಒಂದು ಜೀವಂತ ಮುಗುಡನ್ನು ಹಾಕಿಸಿಕೊಂಡು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅದು ಹಾರಿ, ಪಕ್ಕದವರ ಪಂಚೆಯೆಲ್ಲ ಒದ್ದೆ. "ಇದು ಬಾವಿ ಶುದ್ಧ ಮಾಡ್ಲಿಕ್ಕೆ" ಎಂದು ಸತ್ಯವನ್ನೇ ಹೇಳಿದೆ. ಒಬ್ಬನೂ ನಂಬಲಿಲ್ಲ. ನಾನು ಮನೆ ಮುಟ್ಟುವ ಮೊದಲೇ, ನಾನು ಮೀನು ತಿನ್ನುತ್ತೇನೆಂಬ ಸುದ್ದಿ ಊರು ಮುಟ್ಟಿತ್ತು!

ಮುಗುಡನ್ನು ಬಾವಿಗೆ ಬಿಟ್ಟ ಮೂರನೆಯ ದಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ಮುಗುಡು ಕೊಳೆ ತಿನ್ನುತ್ತದೆ, ನಿಜ. ಆದರೆ ಕೊಳೆಯನ್ನು ಕೆದಕಿ ಕೆದಕಿ ತಿನ್ನುತ್ತದೆ! ಪದ್ಮಾವತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಳು. ಸೋಸಿದ ಬಟ್ಟೆಯನ್ನು ಜಾಲಾಡಿದ ನೀರು ಮತ್ತೆ ಬಾವಿಗೇ ಹೋಗಬೇಕೆಂಬುದು ನಮ್ಮ ಪದ್ಧತಿ. ಬಟ್ಟೆಗೆ ಅಂಟಿದ ಜೀವಾಣುಗಳು ತಮ್ಮ ಮನೆಗೆ ಮರಳಬೇಕಲ್ಲ! ಕೆಸರೂ ಅವುಗಳ ಜೊತೆಗೇ ಮರಳಿತು.

ಕೊನೆಗೆ ತನಿಯನನ್ನು ಕರೆಸಿದೆ. ಅವನು ಬಾವಿಯೊಳಗೆ ಇಣುಕಿ ಹಿಂದೆ ಸರಿದ.

"ಮುಗುಡಿನ ಮುಳ್ಳು ತಾಗಿದ್ರೆ ಎರಡು ದಿನ ಉರಿ, ದಣಿಗಳೇ. ಅದು ಇರುವಾಗ ನಾನು ಇಳಿಯುದಿಲ್ಲ. ಗಾಳ ಹಾಕುವ."

"ಗಾಳವಾ! ನಮ್ಮ ಮನೆಯಲ್ಲಿಯಾ!"

"ಹಾಗಾದ್ರೆ ಅದನ್ನೇ ಕೇಳಿ, ಮೇಲೆ ಬರ್ತದಾ ಅಂತ."

ಅವನೆದುರು ಸೋಲುವವನೇ ನಾನು? ಎರಡು ದಿನ ಬಾಲ್ದಿಯಲ್ಲಿ ಅನ್ನ ಹಾಕಿ ಇಳಿಸುತ್ತ ಕುಳಿತೆ. ಅನ್ನ ಖಾಲಿಯಾಗುತ್ತಿತ್ತು. ಮುಗುಡು ಮಾತ್ರ ಬರಲಿಲ್ಲ.

ಗಂಡಿನವರು ಬಂದರು. ಹುಡುಗನ ತಂದೆಯ ಮುಖ ಬಿಗಿದುಕೊಂಡಿತ್ತು. ಬಸ್ಸಿನ ಸುದ್ದಿ ಗುರುವಾಯನಕೆರೆಗೂ ಹೋಗಿತ್ತು. ಕಾಲು ತೊಳೆಯಲು ನೀರು ಕೊಡುತ್ತೇನೆಂದು ನಾನು ಓಡುವಷ್ಟರಲ್ಲಿ ಹುಡುಗನ ತಂದೆಯೇ ಬಾಲ್ದಿ ಇಳಿಸಿ ಸೇದಿದರು. ಎರಡು ದಿನದ ಅಭ್ಯಾಸ! ಅನ್ನ ಬಂತೆಂದು ಮುಗುಡು ಬಾಲ್ದಿಯೊಳಗೆ ಬಂದು ಕುಳಿತಿತ್ತು. ನನಗೆ ಬಾರದ್ದು ಅವರಿಗೆ ಬಂತು!

"ಹಾಗಾದ್ರೆ ಜನ ಹೇಳಿದ್ದು ಹೌದು" ಎಂದರು ಅವರು.

ಬಾಗಿಲ ಹಿಂದೆ ಸುಮತಿ ಬಿಕ್ಕಿದ್ದು ಕೇಳಿಸಿತು. ಆದರೂ ನಾನು ತಲೆ ತಗ್ಗಿಸಲಿಲ್ಲ. ಕೊಳೆಯ ಸಿದ್ಧಾಂತದಿಂದ ಹಿಡಿದು ಬಾಲ್ದಿಯ ಅನ್ನದವರೆಗೆ, ಒಂದಕ್ಷರ ಬಿಡದೆ, ಎದೆ ಸೆಟೆಸಿಕೊಂಡೇ ವಿವರಿಸಿದೆ. ಅವರು ಒಮ್ಮೆ ಕೆಂಪು ನೀರನ್ನು ನೋಡಿದರು, ಒಮ್ಮೆ ನನ್ನನ್ನು. ಮತ್ತೆ ತಮ್ಮ ಹೆಂಡತಿಯ ಕಡೆ ತಿರುಗಿದರು.

"ತಿನ್ನುವವರಾದ್ರೆ ಅದು ಯಾವಾಗಲೋ ಮುಗೀತಿತ್ತು. ಬಾವಿ ಹಾಳು ಮಾಡಿಕೊಂಡು, ಮೇಲಿಂದ ಅನ್ನ ಬೇರೆ ಹಾಕಿದ್ದಾರೆ! ಇವರು ಪಾಪದವರು, ಕಪಟ ಗೊತ್ತಿಲ್ಲದವರು. ಸುಳ್ಳು ಹೇಳ್ಲಿಕ್ಕೂ ಸ್ವಲ್ಪ ಬುದ್ಧಿ ಬೇಕಲ್ಲ? ಸಂಬಂಧ ಆಗಬಹುದು."

ಮುಗುಡನ್ನು ತನಿಯ ಕೆರೆಗೆ ಬಿಟ್ಟು ಬಂದು, ಬಾವಿಗಿಳಿದ. ಮದುವೆಯೂ ಆಯಿತು. ಮದುವೆ ಕೂಡಿಬಂದದ್ದು ನನ್ನ ಮುಗುಡಿನಿಂದಲೇ ಎಂದು ನಾನು ಈಗಲೂ ಎದೆ ತಟ್ಟಿ ವಾದಿಸುತ್ತೇನೆ.

"ಅಲ್ಲ, ನಿಮ್ಮ ಬುದ್ಧಿಯಿಂದ" ಎನ್ನುತ್ತಾಳೆ ಪದ್ಮಾವತಿ.

ಇಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಬುದ್ಧಿಯಿಂದ ಒಂದು ಕೆಲಸವಾಯಿತೆಂದು ಅವಳು ಒಪ್ಪಿಕೊಂಡದ್ದು ಅದೊಂದೇ!